ಕಂಪ್ಯೂಟರಿನ ಹೊಟ್ಟೆಯೊಳಗೊಂದು ಫ್ರಿಜ್ಜು!

ಉಗುರಿನಗಲದ ಸಿಲಿಕಾನ್ ಬಿಲ್ಲೆ. ಅದರ ನೆತ್ತಿಯ ಮೇಲೆ ಮೈನಸ್ 50 ಡಿಗ್ರಿಯ ತಾಮ್ರದ ತುಂಡು. ಬಿಲ್ಲೆಯೊಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ಬೆವರದೆ ಲೆಕ್ಕ ಮಾಡುತ್ತಿವೆ. ಗೇಣಾಚೆ ಕೊಳವೆಯ ಮೈತುಂಬ ಬೆಳ್ಳಗೆ ಹಿಮ. ಅದೇ ಕೊಳವೆಯ ಇನ್ನೊಂದು ತುದಿಯನ್ನು ಮುಟ್ಟಿದರೆ ಕೈ ಚುರುಗುಟ್ಟುತ್ತದೆ. ಇದೆಲ್ಲ ನಡೆಯುತ್ತಿರುವುದು ಪ್ರಯೋಗಾಲಯದಲ್ಲಲ್ಲ, ಮನೆಯೊಂದರ ಮೇಜಿನ ಮೇಲೆ! ಇದನ್ನು ಸಾಧಿಸಿದ ಯಂತ್ರವಾದರೂ ಎಂಥದ್ದು? ಅಡುಗೆಮನೆಯ ಮೂಲೆಯಲ್ಲಿ ಹಾಲು, ಕೊತ್ತಂಬರಿ ಸೊಪ್ಪು, ನಿನ್ನೆಯ ಸಾರನ್ನು ಕಾಯುತ್ತಾ ಗುಂಯ್‌ಗುಡುವ ಫ್ರಿಜ್ಜಿನ ಬೆನ್ನ ಹಿಂದೆ ಧೂಳು ಹಿಡಿದು ಕೂತಿರುತ್ತದಲ್ಲ, ಆ ಕಪ್ಪು ಕಂಪ್ರೆಸರಿನ ಜಾತಿಯದೇ!

ಬಿಡಿಭಾಗ ತಂದು ತಾವೇ ಕಂಪ್ಯೂಟರ್ ಜೋಡಿಸುವವರಿಗೆ ಒಂದಲ್ಲ ಒಂದು ದಿನ ಈ ಆಸೆ ಹುಟ್ಟೇ ಹುಟ್ಟುತ್ತದೆ. ಫ್ಯಾನು ಎಷ್ಟು ಗಿರಗಿರ ತಿರುಗಿದರೂ ಪ್ರೊಸೆಸರ್ 80 ಡಿಗ್ರಿ ದಾಟುತ್ತದೆ. ಪಕ್ಕದ ಕೋಣೆಯಲ್ಲಿ 4 ಡಿಗ್ರಿಯ ಪೆಟ್ಟಿಗೆ ಸುಮ್ಮನೆ ನಿಂತಿದೆ. ಕ್ಯಾಬಿನೆಟ್ಟನ್ನೇ ಎತ್ತಿ ಅದರೊಳಗೆ ಇಟ್ಟುಬಿಟ್ಟರೆ?

ಲೆಕ್ಕ ಹಾಕಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಮನೆಯ ಸಾಧಾರಣ ಫ್ರಿಜ್ಜಿನ ಕಂಪ್ರೆಸರ್ ಓಡುವಾಗ ಸುಮಾರು 100 ವಾಟ್ ವಿದ್ಯುತ್ ಎಳೆದು, ಅದರ ಒಂದೂವರೆ ಪಟ್ಟಿನಷ್ಟು ಶಾಖವನ್ನು ಹೊರಗೆ ಸಾಗಿಸುತ್ತದೆ. ಗೋಡೆಗಳ ಮೂಲಕ ಸದಾ ನುಸುಳಿ ಬರುವ ಶಾಖವನ್ನು ತಳ್ಳುವುದಕ್ಕೇ ಅದರಲ್ಲೊಂದು ಪಾಲು ಹೋಗುತ್ತದೆ. ಆಟಕ್ಕಿಳಿದ ಕಂಪ್ಯೂಟರೋ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ, 400–500 ವಾಟ್ ಉಗುಳುತ್ತದೆ! ತಂಪನ್ನು ಕಾಪಾಡಲೆಂದೇ ಕಟ್ಟಿದ ದಪ್ಪ ಫೋಮ್ ಗೋಡೆ ಈಗ ಶಾಖವನ್ನು ಒಳಗೇ ಕೂಡಿಹಾಕುತ್ತದೆ. ಸೊಪ್ಪು ಬಾಡದಂತೆ ಕಾಯುತ್ತಿದ್ದ ಪೆಟ್ಟಿಗೆ ನಿಧಾನವಾಗಿ ಒಲೆಯಾಗುತ್ತದೆ. ಆಗಾಗ ವಿರಮಿಸುತ್ತಾ ದುಡಿಯಲೆಂದು ಮಾಡಿದ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಬಸವಳಿಯುತ್ತದೆ.

ಫ್ರಿಜ್ಜಿನೊಳಗೆ ನೀರಿನ ಡಬ್ಬಿ ಇಟ್ಟು, ಪೈಪಿನಲ್ಲಿ ಆ ನೀರನ್ನು ಪ್ರೊಸೆಸರಿಗೆ ಹಾಯಿಸಿದರೆ ಹೇಗೆ? ಬಲು ಜಾಣ ಉಪಾಯ, ಮೊದಮೊದಲು ಸೊಗಸಾಗಿಯೂ ನಡೆಯುತ್ತದೆ. ಆದರೆ 5 ಡಿಗ್ರಿಯ 10 ಲೀಟರ್ ನೀರಿಗೆ 300 ವಾಟ್ ಸುರಿದರೆ ಅದು 35 ಡಿಗ್ರಿ ಮುಟ್ಟಲು ಸುಮಾರು 70 ನಿಮಿಷ ಸಾಕು. ಫ್ರಿಜ್ಜು ನಡುವೆ ಕೈಜೋಡಿಸಿ ಇನ್ನಷ್ಟು ಹೊತ್ತು ಎಳೆದೀತು, ಅಷ್ಟೇ. ರಾತ್ರಿಯಿಡೀ ಕೂಡಿಟ್ಟ ತಂಪು ಒಂದೆರಡು ತಾಸಿನ ಆಟಕ್ಕೆ ಕರಗಿಹೋಗುತ್ತದೆ.

ಹಾಗಾದರೆ ಆ ಮೈನಸ್ 50 ಬಂದದ್ದೆಲ್ಲಿಂದ? ಈ ಇಡೀ ಕತೆಯಲ್ಲಿ ನನಗೆ ಅತಿ ರೋಮಾಂಚಕವೆನಿಸುವ ತಿರುವು ಇಲ್ಲಿದೆ. ಕಂಪ್ಯೂಟರನ್ನು ಫ್ರಿಜ್ಜಿನೊಳಗೆ ಇಡುವ ಬದಲು, ಫ್ರಿಜ್ಜನ್ನು ಬಿಚ್ಚಿ ಕಂಪ್ಯೂಟರಿನೊಳಗೆ ಇಡುವುದು! ಪೆಟ್ಟಿಗೆ, ಬಾಗಿಲು, ತಟ್ಟೆ, ದೀಪ ಎಲ್ಲ ಅತ್ತ. ಕಂಪ್ರೆಸರ್, ಕಾಯಿಲ್, ಸಪೂರ ಕೊಳವೆ ಇತ್ತ.

ಏಕೆಂದರೆ ಫ್ರಿಜ್ಜು ತಂಪನ್ನು ಉತ್ಪಾದಿಸುವುದೇ ಇಲ್ಲ. ಅದೊಂದು ಶಾಖದ ಕಪಿಲೆ. ಬಾನಿ ಬಾವಿಗಿಳಿದು ನೀರು ತುಂಬಿಕೊಂಡು ಮೇಲೆ ಬಂದು ಸುರಿದು ಮತ್ತೆ ಇಳಿಯುವಂತೆ, ಇಲ್ಲಿ ಗ್ಯಾಸು ತಣ್ಣನೆಯ ಕಡೆ ಶಾಖ ತುಂಬಿಕೊಂಡು ಬಿಸಿ ಕಡೆ ಬಂದು ಸುರಿಯುತ್ತದೆ. ಹಳೆಯ ಫ್ರಿಜ್ಜುಗಳ ಆರ್-134ಎ ಗ್ಯಾಸು ಸಾಮಾನ್ಯ ಒತ್ತಡದಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಕುದಿಯುವಾಗ ಅದರ ಒಂದೊಂದು ಗ್ರಾಂ 200 ಜೂಲಿಗೂ ಹೆಚ್ಚು ಶಾಖ ಹೀರುತ್ತದೆ. ಯೋಚಿಸಿ! ಸೆಕೆಂಡಿಗೆ ಒಂದೆರಡು ಗ್ರಾಂ ದ್ರವ, ಅಂದರೆ ಕೆಲವೇ ಹನಿ, ಚಿಪ್ಪಿನ ಮೇಲೆ ಕುದಿದು ಆವಿಯಾದರೆ 200 ವಾಟಿನ ಬೆಂಕಿ ಮಾಯ! ಈ ಚಕ್ರಕ್ಕೆ ಜೇಕಬ್ ಪರ್ಕಿನ್ಸ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1834ರಲ್ಲಿ. ಟ್ರಾನ್ಸಿಸ್ಟರ್ ಹುಟ್ಟಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬಾಕಿಯಿತ್ತು.

ಹೀಗೆ ಕಟ್ಟುವವರ ಕೈಕೆಲಸ ನೋಡಬೇಕು. ತಾಮ್ರದ ತುಂಡಿನೊಳಗೆ ಸುತ್ತುಸುತ್ತಾದ ಕಾಲುವೆ ಕೊರೆದು ಮುಚ್ಚುತ್ತಾರೆ. ದ್ರವ ಕುದಿಯುವುದು ಅಲ್ಲೇ. ವಿಂಡೋ ಎಸಿಯದೋ ಹಳೆಯ ವಾಟರ್ ಕೂಲರಿನದೋ ಕಂಪ್ರೆಸರ್ ತಂದು, ಬೆಳ್ಳಿ ಬೆರೆತ ಕಡ್ಡಿಯಿಂದ ಬ್ರೇಜಿಂಗ್ ಮಾಡಿ, ವ್ಯಾಕ್ಯೂಮ್ ಎಳೆದು, ಗ್ಯಾಸ್ ತುಂಬಿಸುತ್ತಾರೆ. ಎಲ್ಲಕ್ಕಿಂತ ನಾಜೂಕಾದದ್ದು ದ್ರವವನ್ನು ಚಿಪ್ಪಿಗೆ ಹನಿಸುವ ಆ ಸಪೂರ ಕೊಳವೆ, ಕ್ಯಾಪಿಲರಿ. ಒಳಗಿನ ತೂತು ಒಂದು ಮಿಲಿಮೀಟರಿಗೂ ಕಡಿಮೆ, ಉದ್ದ ಕೆಲವು ಮೀಟರ್. ಉದ್ದ ಹೆಚ್ಚಾಯಿತೋ, ಚಿಪ್ಪಿಗೆ ಸಾಕಷ್ಟು ದ್ರವ ತಲುಪುವುದಿಲ್ಲ. ಕಡಿಮೆಯಾಯಿತೋ, ಕುದಿಯದೆ ಉಳಿದ ದ್ರವ ಕಂಪ್ರೆಸರಿಗೇ ನುಗ್ಗಿ ಅದನ್ನು ಮುರಿಯುತ್ತದೆ. ತುಸು ಕತ್ತರಿಸಿ, ಓಡಿಸಿ ನೋಡಿ, ಮತ್ತೆ ತುಸು ಕತ್ತರಿಸಿ ಹದ ಹಿಡಿಯುವ ಆ ತಾಳ್ಮೆಗೆ ನಾನು ಮನಸಾರೆ ತಲೆಬಾಗುತ್ತೇನೆ. ಗ್ಯಾಸಿನ ಕೆಲಸ ಗೊತ್ತಿದ್ದವರಷ್ಟೇ ಇದಕ್ಕೆ ಕೈಹಾಕಬೇಕು. ಇಂದಿನ ಫ್ರಿಜ್ಜುಗಳ ಆರ್-600ಎ ಎಂದರೆ ಐಸೊಬ್ಯೂಟೇನ್, ಕಿಡಿ ಸೋಕಿದರೆ ಹೊತ್ತಿಕೊಳ್ಳುವ ಗ್ಯಾಸು.

ಇಷ್ಟು ಪಾಡುಪಟ್ಟರೆ ಸಿಗುವುದೇನು? ವೇಗ! ಬಿಸಿಯಾದ ಟ್ರಾನ್ಸಿಸ್ಟರಿನಿಂದ ವಿದ್ಯುತ್ ಸುಮ್ಮಸುಮ್ಮನೆ ಸೋರುತ್ತದೆ. ತಣಿದರೆ ಸೋರಿಕೆ ಗಣನೀಯವಾಗಿ ಇಳಿಯುತ್ತದೆ, ಎಲೆಕ್ಟ್ರಾನುಗಳ ಓಟ ಹಗುರಾಗುತ್ತದೆ. 70 ಡಿಗ್ರಿಯಿಂದ ಮೈನಸ್ 50ಕ್ಕೆ ಇಳಿದ ತಾಮ್ರದ ತಂತಿ ಒಡ್ಡುವ ತಡೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿತವಾಗುತ್ತದೆ. ಅದೇ ಚಿಪ್ಪು, ಅದೇ ಕಾರ್ಖಾನೆಯದು, ತಣ್ಣಗಾದ ಮಾತ್ರಕ್ಕೆ ಬೇರೆಯೇ ಆಗಿಬಿಡುತ್ತದೆ.

ಫ್ರಿಜ್ಜಿನ ಗ್ಯಾಸಿನಿಂದ ಗಣಕ ತಣಿಸುವುದನ್ನು ಮನೆಯವರಿಗಿಂತ ಮೊದಲೇ ಮಾಡಿದವರು ಸೂಪರ್‌ಕಂಪ್ಯೂಟರಿನ ಮಂದಿ. ಸೇಮೂರ್ ಕ್ರೇ ಮತ್ತು ಸಂಗಡಿಗರ ಸಿಡಿಸಿ 6600, 1964ರಲ್ಲೇ ಫ್ರಿಯಾನ್ ಗ್ಯಾಸಿನಿಂದ ತಣಿಯುತ್ತಿತ್ತು. 1976ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯಕ್ಕೆ ಬಂದ ಕ್ರೇ-1 ಎಳೆಯುತ್ತಿದ್ದ ವಿದ್ಯುತ್ತು 115 ಕಿಲೋವಾಟ್! ಅದರ ಕಂಬಗಳ ಅಲ್ಯುಮಿನಿಯಂ ಪಟ್ಟಿಗಳೊಳಗೆ ಸ್ಟೀಲ್ ಕೊಳವೆ, ಕೊಳವೆಯೊಳಗೆ ಫ್ರಿಯಾನ್. ಜಗತ್ತನ್ನೇ ಬೆರಗುಗೊಳಿಸಿದ ಆ ಗಣಕದ ಮೈಯೊಳಗೆ ಹರಿಯುತ್ತಿದ್ದುದು ಫ್ರಿಜ್ಜಿನ ರಕ್ತ.

ಅದು ಮನೆಯ ಮೇಜಿಗೆ ಇಳಿಯಲು ಎರಡು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು. ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಕ್ರಯೋಟೆಕ್ ಕಂಪನಿ ಎಎಂಡಿಯ ಅಥ್ಲಾನ್ ಚಿಪ್ಪನ್ನು ಮೈನಸ್ 40 ಡಿಗ್ರಿಗೆ ಇಳಿಸಿ 1 ಗಿಗಾಹರ್ಟ್ಸ್ ವೇಗದಲ್ಲಿ ಓಡಿಸಿ 2000ದ ಆರಂಭದಲ್ಲಿ ಮಾರಿತು. ಮಾಮೂಲಿ ಅಥ್ಲಾನ್ ಆಗಿನ್ನೂ 800 ಮೆಗಾಹರ್ಟ್ಸಿನ ಸುತ್ತಮುತ್ತ ಇತ್ತು. ಫ್ಯಾನಿನಿಂದಲೇ ತಣಿಯುವ 1 ಗಿಗಾಹರ್ಟ್ಸ್ ಚಿಪ್ಪು ಬಂದದ್ದು ಆ ಮಾರ್ಚಿನಲ್ಲಿ. ಕಂಪ್ರೆಸರ್ ಹಚ್ಚಿಕೊಂಡವರು ಭವಿಷ್ಯವನ್ನು ಮೊದಲೇ ಮನೆಗೆ ತಂದುಕೊಂಡಿದ್ದರು! ಡೆನ್ಮಾರ್ಕಿನ ಆಸೆಟೆಕ್‌ನ ವೇಪೋಚಿಲ್ ಇನ್ನೂ ಸೊಗಸಾಗಿತ್ತು. ಗುಂಡಿ ಒತ್ತಿದರೆ ಕಂಪ್ಯೂಟರ್ ಕೂಡಲೇ ಏಳುತ್ತಿರಲಿಲ್ಲ. ಮೊದಲು ಕಂಪ್ರೆಸರ್ ಗುಂಯ್‌ಗುಡುತ್ತಿತ್ತು, ತಾಮ್ರ ಶೂನ್ಯಕ್ಕಿಂತ ಕೆಳಗಿಳಿಯುತ್ತಿತ್ತು. ಬಳಿಕವಷ್ಟೇ ಪ್ರೊಸೆಸರಿಗೆ ಕರೆ.

ವೈರಿ ಒಬ್ಬನಿದ್ದಾನೆ, ಇಬ್ಬನಿ. ಕೋಣೆಯಲ್ಲಿ 30 ಡಿಗ್ರಿ ಸೆಖೆ, ಶೇ 70 ತೇವಾಂಶ ಇದ್ದರೆ 24 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಗಾಳಿಯ ನೀರು ಹನಿಗಟ್ಟುತ್ತದೆ. ಮಳೆಗಾಲದ ಮಂಗಳೂರಿನಲ್ಲಂತೂ ಮೈನಸ್ ಡಿಗ್ರಿಯ ಚಿಪ್ಪಿನ ಸುತ್ತ ಮದರ್‌ಬೋರ್ಡ್ ತೊಯ್ದುಹೋದೀತು. ಹಾಗಾಗಿ ಪ್ರೊಸೆಸರಿನ ಸುತ್ತ ರಬ್ಬರ್ ಫೋಮ್ ಒತ್ತುತ್ತಾರೆ, ಸಾಕೆಟ್ಟಿನ ತೂತುಗಳಿಗೆ ವಿದ್ಯುತ್ ಹರಿಯಗೊಡದ ಗ್ರೀಸ್ ತುಂಬುತ್ತಾರೆ. ಬೋರ್ಡಿನ ಬೆನ್ನಿಗೆ ಸಣ್ಣ ಹೀಟರ್ ಅಂಟಿಸುವುದೂ ಉಂಟು. ತಣಿಸಲು ಹೊರಟವರು ಅರ್ಧ ಅಂಗುಲದ ಆಚೆಗೆ ಬಿಸಿ ಮಾಡುತ್ತಾರೆ!

ಇನ್ನೂ ಆಳಕ್ಕೆ ಇಳಿಯಬೇಕೆ? ಕಪಿಲೆಗೆ ಕಪಿಲೆ ಜೋಡಿಸಿ. ಮೊದಲನೆಯ ಕಂಪ್ರೆಸರ್ ಎರಡನೆಯದರ ಗ್ಯಾಸನ್ನು ತಣಿಸುತ್ತದೆ, ಎರಡನೆಯದು ಚಿಪ್ಪನ್ನು. ಕ್ಯಾಸ್ಕೇಡ್ ಎಂಬ ಈ ಏರ್ಪಾಟಿನಲ್ಲಿ, ಮೈನಸ್ 104 ಡಿಗ್ರಿಗೆ ಕುದಿಯುವ ಎಥಿಲೀನನ್ನು ಬಳಸಿ ಮನೆಯಲ್ಲೇ ಮೈನಸ್ 100ರ ಹತ್ತಿರಕ್ಕೆ ಇಳಿದವರಿದ್ದಾರೆ. ಅದಕ್ಕೂ ಎಷ್ಟೋ ಕೆಳಗೆ ದ್ರವ ನೈಟ್ರೋಜನ್ ಮತ್ತು ದ್ರವ ಹೀಲಿಯಂ ಸುರಿಯುವವರ ರಾಜ್ಯ. 2011ರಲ್ಲಿ ಎಎಂಡಿಯ ಎಫ್‌ಎಕ್ಸ್ ಚಿಪ್ಪೊಂದು ಹೀಲಿಯಂ ಕುಡಿದು 8.429 ಗಿಗಾಹರ್ಟ್ಸ್ ಮುಟ್ಟಿ ಗಿನ್ನೆಸ್ ದಾಖಲೆ ಸೇರಿತು.

ಕೊನೆಗೂ ಲೆಕ್ಕ ಮಾಡುವ ಚಿಪ್ಪನ್ನೇ ಫ್ರಿಜ್ಜಿನೊಳಗೆ ಇಟ್ಟವರು ಇದ್ದಾರೆ! ಬೆಂಗಳೂರಿನ ಕ್ಯೂಪಿಐಎಐ ಕಂಪನಿ 2025ರಲ್ಲಿ ಪ್ರಕಟಿಸಿದ 25 ಕ್ಯೂಬಿಟ್‌ಗಳ (ಗಣನೆಯ ಮೂಲ ಘಟಕಗಳ) ಕ್ವಾಂಟಮ್ ಕಂಪ್ಯೂಟರ್ ಸೂಪರ್‌ಕಂಡಕ್ಟಿಂಗ್ ಜಾತಿಯದು. ಈ ಜಾತಿಯ ಚಿಪ್ಪುಗಳು ಡೈಲ್ಯೂಷನ್ ರೆಫ್ರಿಜರೇಟರ್ ಎಂಬ ಫ್ರಿಜ್ಜಿನ ತಳದಲ್ಲಿ, ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ನೂರನೇ ಒಂದು ಪಾಲಿನಷ್ಟೇ ಮೇಲೆ ನೇತಾಡುತ್ತವೆ. ನಕ್ಷತ್ರಗಳ ನಡುವಿನ ಬಯಲು ಕೂಡ ಅಷ್ಟು ತಣ್ಣಗಿಲ್ಲ, ಅಲ್ಲಿ ಪರಮ ಶೂನ್ಯಕ್ಕಿಂತ 2.7 ಡಿಗ್ರಿ (ಕೆಲ್ವಿನ್) ಮೇಲೆ. ಅಡುಗೆಮನೆಯಲ್ಲಿ ಸೋತ ಉಪಾಯ ಇಲ್ಲಿ ಗೆದ್ದದ್ದು ಹೇಗೆ? ಲೆಕ್ಕ ಅದೇ, ಒಳಗೆ ಹುಟ್ಟುವ ಶಾಖ ಫ್ರಿಜ್ಜು ಎತ್ತುವ ಶಾಖಕ್ಕಿಂತ ಕಡಿಮೆಯಿರಬೇಕು. ಕ್ಯೂಬಿಟ್‌ಗಳು ಶಾಖವನ್ನು ಉಗುಳುವುದು ಇಲ್ಲವೆಂಬಷ್ಟು ಕಡಿಮೆ. ಅದಕ್ಕೇ, ಆಳೆತ್ತರದ ಆ ಫ್ರಿಜ್ಜು 20 ಮಿಲಿಕೆಲ್ವಿನ್‌ನಲ್ಲಿ ಎತ್ತಬಲ್ಲ ಶಾಖ ಹತ್ತಿಪ್ಪತ್ತು ಮೈಕ್ರೋವಾಟ್ ಮಾತ್ರವಾದರೂ ಸಾಕಾಗುತ್ತದೆ.