‘ಮಾಂಜಾರೆ’: ಒಂದು ಕ್ರಿಯಾಪದದ ವಂಶಾವಳಿ

ಇಟಾಲಿಯನ್ ಭಾಷೆಯಲ್ಲಿ ‘ತಿನ್ನು’ ಎಂಬರ್ಥದ ಕ್ರಿಯಾಪದ ‘ಮಾಂಜಾರೆ’. ಗ್ರಾಮ್ಯವೆನಿಸಿದ್ದ ಶಬ್ದವೊಂದು ಶಿಷ್ಟಪದವಿಗೇರಿದ ಬಗೆಯನ್ನು ಅದರ ಜನ್ಮವೃತ್ತಾಂತವು ತಿಳಿಸುವುದರಿಂದ ಭಾಷಾಬೋಧಕರಿಗೆ ಇದು ವಿಚಾರಣೀಯವಾಗಿದೆ.

ಲ್ಯಾಟಿನ್ನಿನಲ್ಲಿ ಭಕ್ಷಣಾರ್ಥದ ಶಿಷ್ಟರೂಪವು ‘ಎದೆರೆ’. ಇದು ಸಂಸ್ಕೃತದ ‘ಅದ್’ ಧಾತುವಿನ ಸಜಾತೀಯ. ‘ಅದಾದಿ’ ಗಣಕ್ಕೆ ಆ ಹೆಸರು ಬಂದುದು ಈ ಧಾತುವಿನಿಂದಲೇ; ನಾವು ನಿತ್ಯವೂ ಆಡುವ ‘ಅನ್ನ’ ಶಬ್ದವೂ ಇದರ ಸಂತಾನವೇ. ಇಂಗ್ಲಿಷಿನ ‘ಈಟ್’ ಸಹ ಇದೇ ಕುಲದ್ದು.

ಇಂಥ ಪ್ರಾಚೀನ ಧಾತು ಆಡುನುಡಿಯಿಂದ ಮರೆಯಾದುದೇಕೆ? ಲ್ಯಾಟಿನ್ನಿನಲ್ಲಿ ‘ತಿನ್ನುತ್ತಾನೆ’ ಎಂಬುದಕ್ಕೆ ‘ಏಸ್ತ್’, ‘ಇದ್ದಾನೆ’ ಎಂಬುದಕ್ಕೆ ‘ಎಸ್ತ್’. ಹ್ರಸ್ವದೀರ್ಘಗಳ ಭೇದವು ಜನರ ಉಚ್ಚಾರಣೆಯಲ್ಲಿ ಸಡಿಲವಾಗಲು ಎರಡಕ್ಕೂ ಅಂತರ ಉಳಿಯುವುದು ಕಷ್ಟವಾಯಿತು. ರೂಪಗಳು ಕಿರಿದಾಗಿದ್ದುದು, ನಿಯಮಕ್ಕೆ ಒಳಪಡದಿದ್ದುದು ಇನ್ನೆರಡು ದೌರ್ಬಲ್ಯಗಳು.

ಸ್ಪೇನಿನ ಜನರು ಉಪಸರ್ಗ ಸೇರಿದ ‘ಕೊಮೆದೆರೆ’ ರೂಪವನ್ನು ಹಿಡಿದರು. ಅದೇ ಇಂದಿನ ‘ಕೊಮೆರ್’. ಗಾಲ್ ಮತ್ತು ಇಟಲಿಯ ಜನರಾದರೋ ‘ಮಂದೂಕಾರೆ’ ಎಂಬುದನ್ನು ಆಯ್ದುಕೊಂಡರು. ‘ಅಗಿ’ ಎಂಬರ್ಥದ ‘ಮಂದೆರೆ’ ಇದರ ಮೂಲ. ರೋಮಿನ ಜನಪದ ಪ್ರಹಸನಗಳಲ್ಲಿ ದೊಡ್ಡ ದವಡೆಯ ಹೊಟ್ಟೆಬಾಕ ಪಾತ್ರಕ್ಕೆ ‘ಮಂದೂಕುಸ್’ ಎಂದು ಹೆಸರು. ಇಂಥ ನಗೆಪಾಟಲಿನ ಬಳಗದ ಶಬ್ದವನ್ನು ಚಕ್ರವರ್ತಿ ಅಗಸ್ಟಸನೇ ತನ್ನ ಪತ್ರವೊಂದರಲ್ಲಿ ಬಳಸಿದ್ದನೆಂದು ಚರಿತ್ರಕಾರ ಸುಯೆಟೋನಿಯಸನಿಂದ ತಿಳಿದುಬರುತ್ತದೆ. ಮುಂದೆ ಲ್ಯಾಟಿನ್ ಬೈಬಲ್ಲಿನಲ್ಲಿಯೂ ಅದು ಧಾರಾಳವಾಗಿ ಪ್ರಯೋಗಗೊಂಡಿತು.

ಇಟಲಿಯ ನೆಲದಲ್ಲಿ ‘ಮಂದೂಕಾರೆ’ಯು ಸವೆದು ‘ಮನಿಕಾರೆ’ ಆಯಿತು. 14ನೆಯ ಶತಮಾನದ ಆದಿಭಾಗದಲ್ಲಿ ಮಹಾಕವಿ ದಾಂತೆಯು ತನ್ನ ಕಾವ್ಯದ ನರಕಕಾಂಡದ 33ನೆಯ ಸರ್ಗದಲ್ಲಿ ಈ ಶಬ್ದವನ್ನು ಪ್ರಯೋಗಿಸಿದ್ದಾನೆ. ಗಾಲ್ ದೇಶದಲ್ಲಿ ಅದೇ ಶಬ್ದವು ‘ಮಂಜಿಯೆರ್’ ಎಂದಾಗಿ, ಆಲ್ಪ್ಸ್ ಪರ್ವತವನ್ನು ದಾಟಿ ಬಂದು ‘ಮಾಂಜಾರೆ’ ಎನಿಸಿ, ಮನೆಯ ‘ಮನಿಕಾರೆ’ಯನ್ನೇ ಹಿಂದೆ ಸರಿಸಿತು. ಪರದೇಶದಲ್ಲಿ ಬೆಳೆದ ಮೊಮ್ಮಗನು ಬಂದು ಅಜ್ಜನ ಮನೆಯ ಯಜಮಾನನಾದಂತೆ!

ಇದರಿಂದ ಶಬ್ದಶುದ್ಧಿಯ ಶಿಕ್ಷಣವೇ ಬೇಡವೆಂದು ಭಾವಿಸಲಾಗದು. ಎಲ್ಲಿ ಯಾವ ಶಬ್ದ ಸಲ್ಲುವುದೆಂಬ ಔಚಿತ್ಯವನ್ನು ಕಲಿಸಲೇಬೇಕು. ಆದರೆ ಮನೆಯ ಮಾತನ್ನಾಡಿದ ಬಾಲಕನನ್ನು ತರಗತಿಯೆದುರು ನಗೆಗೀಡುಮಾಡುವುದು ವಿದ್ಯೆಯ ಲಕ್ಷಣವಲ್ಲ. ಅವನು ಬಾಯಿ ಮುಚ್ಚಿದರೆ ಕಲಿಕೆಯೂ ಅಲ್ಲಿಗೇ ನಿಲ್ಲುತ್ತದೆ. ಗ್ರಂಥದ ಶಬ್ದವನ್ನು ಕಲಿಸುವ ಮುನ್ನ ಅವನ ಶಬ್ದದ ಮೂಲವನ್ನೂ ಒಮ್ಮೆ ವಿಚಾರಿಸೋಣ. ಎಷ್ಟೋ ವೇಳೆ ಅದಕ್ಕೂ ದೀರ್ಘವಾದ ವಂಶಾವಳಿಯಿರುತ್ತದೆ.