ಬಿಳಿ ನಾರೆಲ್ಲಾ ಗಟ್ಟಿ ನಾರಲ್ಲ: ಪುಂಡಿಗೆ ಕಾಸ್ಟಿಕ್ ಹಾಕೋ ಮುಂಚೆ ಇದನ್ನ ಓದಿ

ಚಿಕ್ಕೋಡಿ: ಕಾರಹುಣ್ಣಿಮೆ ಹತ್ತಿರ ಬಂದ್ರ ನಿಪ್ಪಾಣಿಯಿಂದ ಕಾಗವಾಡದವರೆಗೆ ಸಂತೆಗಳಲ್ಲಿ ಹಗ್ಗ, ಕಣ್ಣಿ, ಮೂಗದಾಣದ ವ್ಯಾಪಾರ ಜೋರು. ಈಗ ಬಹುಪಾಲು ನೈಲಾನ್. ಆದ್ರೂ ಎತ್ತಿಗೆ ಪುಂಡಿ ನಾರಿನದ್ದೇ ಬೇಕು ಅನ್ನೋ ರೈತರು ಇದ್ದಾರೆ. ನಾರು ಬೆಳ್ಳಗೆ, ಮೆತ್ತಗೆ ಆಗಲಿ ಅಂತ ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ಹಗ್ಗ ಗಟ್ಟಿ ಆಗ್ತದಾ? ಅಳತೆ ತಪ್ಪಿದರೆ ಹರಿದೇ ಹೋಗ್ತದ.

ನಾರಿನಲ್ಲಿ ಭಾರ ತಡೆಯುವುದು ಸೆಲ್ಯುಲೋಸ್ ಎಂಬ ಸಣ್ಣ ಎಳೆಗಳು. ಪೆಕ್ಟಿನ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಇವು ಎಳೆಗಳನ್ನು ಹಿಡಿದಿಡುವ ಅಂಟು. ಪುಂಡಿಯನ್ನು ಹಳ್ಳದ ನೀರಾಗ ಕೊಳೆ ಹಾಕಿದಾಗ ಸೂಕ್ಷ್ಮಜೀವಿಗಳು ಪೆಕ್ಟಿನ್ ತಿಂದು ನಾರು ಬಿಡಿಸುತ್ತವೆ. ನಾಲ್ಕು ದಿನ ಹೆಚ್ಚಾದರೆ ನಾರೇ ಕೊಳೆಯುತ್ತದೆ. ಇದು ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ.

ಕಾಸ್ಟಿಕ್ ಕೂಡ ಅಂಟನ್ನೇ ಕರಗಿಸುತ್ತದೆ, ಆದರೆ ತಾಸುಗಳಲ್ಲಿ. ಮೇಣ, ಕಸರು ಹೋಗಿ ಎಳೆಗಳು ಒತ್ತಾಗಿ ಕೂತರೆ ನಾರಿನ ಬಲ ಹೆಚ್ಚಬಹುದು. ಮದ್ದು ಹೆಚ್ಚಾದರೆ ಅಂಟೆಲ್ಲಾ ಹೋಗಿ ಸೆಲ್ಯುಲೋಸಿಗೇ ಪೆಟ್ಟು ಬೀಳ್ತದ, ಬಲ ಕುಸೀತದ. ಪ್ರಯೋಗಾಲಯಗಳಲ್ಲಿ ಇಂಥ ನಾರಿಗೆ ಸಾಮಾನ್ಯವಾಗಿ ಬಳಸುವುದು ಶೇ 5ರ ಆಸುಪಾಸು, ಅಂದರೆ ಲೀಟರ್‌ಗೆ ಸುಮಾರು 50 ಗ್ರಾಂ. ಅದೂ ಹೆಚ್ಚಾಗಿ ನಾರು ರಾಳಕ್ಕೆ ಚೆನ್ನಾಗಿ ಅಂಟಿ ಹಲಗೆ, ಶೀಟ್ ಆಗಲಿ ಅಂತ; ಹಗ್ಗಕ್ಕಲ್ಲ.

ಇಂಗ್ಲೆಂಡಿನ ಜಾನ್ ಮರ್ಸರ್ 1850ರಲ್ಲಿ ಹತ್ತಿ ಬಟ್ಟೆಗೆ ಇದೇ ವಿಧಾನದ ಪೇಟೆಂಟ್ ಪಡೆದ. ಅಲ್ಲಿ ಕಾಸ್ಟಿಕ್ ಇನ್ನೂ ಗಟ್ಟಿ ಇರ್ತದ. ಆದರೆ ಹತ್ತಿ ಬಹುತೇಕ ಬರೀ ಸೆಲ್ಯುಲೋಸ್. ಆ ಲೆಕ್ಕ ಪುಂಡಿಗೆ ನಡೆಯಂಗಿಲ್ಲ. ನಮ್ಮ ಭಾಗದಲ್ಲಿ ಹೇರಳವಾಗಿರುವ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುವಾಗಲೂ ಕಾಸ್ಟಿಕ್‌ನಲ್ಲಿ ಬೇಯಿಸಿ ಲಿಗ್ನಿನ್ ತೆಗೀತಾರ. ಕಾಗದ ಎತ್ತು ಕಟ್ಟಬೇಕಿಲ್ಲ, ಹಗ್ಗ ಕಟ್ಟಬೇಕು.

ಪ್ರಯತ್ನ ಮಾಡೋರು ಇಷ್ಟು ನೆನಪಿಡಿ:

* ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಕಾಸ್ಟಿಕ್. ಉಲ್ಟಾ ಮಾಡಿದರೆ ಕುದ್ದು ಮೈಮೇಲೆ ಸಿಡೀತದ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು.
* ಅಲ್ಯುಮಿನಿಯಂ ಪಾತ್ರೆ ಬೇಡ. ಪಾತ್ರೆ ತೂತಾಗ್ತದ, ಹೊತ್ತಿಕೊಳ್ಳುವ ಗ್ಯಾಸ್ ಬರ್ತದ.
* ನಾರಿನ ಜಾರಿಕೆ ಹೋಗೋವರೆಗೂ ತೊಳೆಯಿರಿ. ಉಳಿದ ಕಾಸ್ಟಿಕ್ ಎತ್ತಿನ ಮೂಗು ಸುಡ್ತದ.
* ಆ ನೀರು ಹಳ್ಳಕ್ಕೆ ಬಿಡಬೇಡಿ. ಹಳ್ಳ ಸೇರೋದು ದೂಧಗಂಗಾ, ವೇದಗಂಗಾ, ಕೃಷ್ಣೆಗೇ.
* ಮದ್ದು ಹಾಕಿದ್ದು, ಹಾಕದ್ದು ಎರಡರಲ್ಲೂ ಒಂದೇ ದಪ್ಪದ ಹುರಿ ಹೊಸೆದು ಕಲ್ಲು ತೂಗುಹಾಕಿ ನೋಡಿ.

ಮೊದಲು ಹರಿದದ್ದು ಬಿಳಿ ಹುರಿಯಾದರೆ, ಆ ಬಣ್ಣ ನಂಬಿ ಎತ್ತು ಕಟ್ಟಬೇಡಿ.