ಮಗುವಿಗೊಂದು ಟ್ಯಾಬ್ಲೆಟ್

ಪಾಪುವಿಗೆ ಒಂದು ಟ್ಯಾಬ್ಲೆಟ್ ತರಬೇಕೆಂದು ಅಣ್ಣ ಹೇಳಿದಾಗ ನಮ್ಮ ಅಜ್ಜಿ ಗಾಬರಿಯಿಂದ, "ಯಾಕಪ್ಪ, ಕೂಸಿಗೆ ಜ್ವರವೇ?" ಎಂದು ಕೇಳಿದರು. ಅವರು ಕಂಡ ಟ್ಯಾಬ್ಲೆಟ್ಟೆಂದರೆ ಆಸ್ಪತ್ರೆಯಲ್ಲಿ ಚೀಟಿ ತೋರಿಸಿದರೆ ಕೊಡುವ ಗುಳಿಗೆ. ನಾವೆಲ್ಲ ನಕ್ಕೆವು. ಆದರೆ ಗುಳಿಗೆಗೆ ವಯಸ್ಸಿಗೆ ತಕ್ಕ ಪ್ರಮಾಣವುಂಟು, ಹೊತ್ತುಂಟು, ಕೊಡುವವರ ಎಚ್ಚರವೂ ಬೇಕು. ಅಜ್ಜಿಯ ಪ್ರಶ್ನೆ ಅಷ್ಟೊಂದು ನಗತಕ್ಕದ್ದಾಗಿರಲಿಲ್ಲವೆಂದು ಈಗ ನನಗೆ ತೋರುತ್ತದೆ.

ನಮ್ಮದು ಚಾಮರಾಜಪೇಟೆಯ ಒಂದು ಗಲ್ಲಿಯಲ್ಲಿ ಎರಡು ಕೋಣೆಯ ಮನೆ. ಅಣ್ಣ ಆಟೋ ಓಡಿಸುತ್ತಾನೆ. ಅಮ್ಮ ಗಾಂಧಿ ಬಜಾರಿನಲ್ಲಿ ಹೂ ಕಟ್ಟಿ ಮಾರುತ್ತಾಳೆ. ಅಣ್ಣನ ಮಗಳಿಗೆ ಐದು ತುಂಬಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದುದರಿಂದ, ರೇಷನ್ ಕಾರ್ಡಿನಿಂದ ಹಿಡಿದು ಕರೆಂಟು ಬಿಲ್ಲಿನವರೆಗೆ ಎಲ್ಲವೂ ನನ್ನ ಮುಂದೆಯೇ ಬರುತ್ತವೆ. "ನೀನು ಓದಿದವಳು, ನೀನೇ ನೋಡಿ ಹೇಳಮ್ಮ" ಎಂದ ಅಣ್ಣ. ನಾನು ಓದುತ್ತಿರುವುದು ಚರಿತ್ರೆ ಮತ್ತು ಅರ್ಥಶಾಸ್ತ್ರವೆಂದರೆ ಕೇಳುವವರಾರು?

ಅಣ್ಣನಿಗೆ ಈ ಹಟ ಹುಟ್ಟಿದುದಕ್ಕೆ ಕಾರಣ ನಾನೇ. ೨೦೨೦ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಾನು ಹತ್ತನೆಯ ತರಗತಿಯಲ್ಲಿದ್ದೆ. ಮನೆಗೆಲ್ಲ ಒಂದೇ ಫೋನು. ಅದು ಅಣ್ಣನ ಜೇಬಿನಲ್ಲಿ ಊರು ಸುತ್ತುತ್ತಿದ್ದಿತು. ರಾತ್ರಿ ಒಂಬತ್ತಕ್ಕೆ ಅವನು ಬಂದ ಮೇಲೆ ಅಂಗೈಯಗಲದ ಗಾಜಿನಲ್ಲಿ ಮೇಷ್ಟರು ಕಳುಹಿಸಿದ ಟಿಪ್ಪಣಿಗಳನ್ನು ನಾನು ನಕಲು ಮಾಡಿಕೊಳ್ಳುತ್ತಿದ್ದೆ. ಹಗಲು ಚಂದನ ವಾಹಿನಿಯ ಪಾಠಗಳೇ ಗತಿ. ಆ ದಿನಗಳನ್ನು ಅಣ್ಣ ಮರೆತಿಲ್ಲ. "ನಿನಗಾದದ್ದು ನನ್ನ ಮಗಳಿಗೆ ಆಗಬಾರದು" ಎಂಬುದು ಅವನ ಒಂದೇ ಮಾತು.

ಮೊದಲ ಸಲ ನಾನು ಮೋಸಹೋದೆ. ನನ್ನ ಮನೆಪಾಠದ ಹಣದಲ್ಲಿ ನಾಲ್ಕೂವರೆ ಸಾವಿರ ಕೊಟ್ಟು, ಹೆಸರು ಕೇಳದ ಒಂದು ಟ್ಯಾಬ್ಲೆಟ್ಟನ್ನು ಒಂದು ಅಂಗಡಿಯಿಂದ ತಂದೆ. ಪೆಟ್ಟಿಗೆಯ ಮೇಲೆ "೮ ಜಿಬಿ ರ್‍ಯಾಮ್" ಎಂದು ದಪ್ಪಕ್ಷರದಲ್ಲಿದ್ದಿತು. ಮನೆಗೆ ತಂದು ನೋಡಿದರೆ ನಿಜವಾದದ್ದು ೨ ಜಿಬಿ, ಮಿಕ್ಕದ್ದೆಲ್ಲ "ವಿಸ್ತರಿಸಿದ್ದು". ಒಂದು ಚಿತ್ರ ತೆರೆಯುವಷ್ಟರಲ್ಲಿ ಮಗು ಎದ್ದುಹೋಗಿ ನೀರು ಕುಡಿದು ಬರುತ್ತಿದ್ದಳು. ಚಾರ್ಜರು ಮುಟ್ಟಲಾರದಷ್ಟು ಬಿಸಿಯಾಗುತ್ತಿದ್ದಿತು. ತಿಂಗಳೊಳಗೆ ಅದು ಅಟ್ಟ ಸೇರಿತು. ಅಣ್ಣ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆಮೇಲೆ ಕುಳಿತು ಓದಿದೆ. ಓದಿ ತಿಳಿದದ್ದನ್ನು, ನನ್ನಂತೆ ಮನೆಗೆ "ಓದಿದವರು" ಆಗಿರುವ ಗೆಳೆಯ ಗೆಳತಿಯರ ಉಪಯೋಗಕ್ಕೆಂದು ಇಲ್ಲಿ ಬರೆಯುತ್ತಿದ್ದೇನೆ.

ರ್‍ಯಾಮ್ ಎಂಬುದು ಅಡುಗೆಮನೆಯ ಕಟ್ಟೆಯಿದ್ದಂತೆ, ಸ್ಟೋರೇಜು ಅಟ್ಟವಿದ್ದಂತೆ. ಕಟ್ಟೆ ಕಿರಿದಾದರೆ ತರಕಾರಿ ಹೆಚ್ಚುವಾಗ ಪಾತ್ರೆ ಇಳಿಸಬೇಕು, ಪಾತ್ರೆ ಇಡುವಾಗ ತರಕಾರಿ ಎತ್ತಬೇಕು. ಅಟ್ಟದ ಒಂದು ಮೂಲೆಯನ್ನು ತೋರಿಸಿ "ಇದೂ ಕಟ್ಟೆಯೇ" ಎನ್ನುವುದು ವಿಸ್ತರಿಸಿದ ರ್‍ಯಾಮಿನ ಕಥೆ. ಅದು ಸುಳ್ಳಲ್ಲ, ಆದರೆ ಪ್ರತಿಯೊಂದಕ್ಕೂ ಏಣಿ ಹತ್ತಬೇಕು. ಈಗಿನ ಆ್ಯಪುಗಳಿಗೆ ನಿಜವಾದ ೪ ಜಿಬಿ ಕಟ್ಟೆಯೂ ೬೪ ಜಿಬಿ ಅಟ್ಟವೂ ಇದ್ದರೆ ಮೂರು ನಾಲ್ಕು ವರ್ಷ ತಳ್ಳಬಹುದು. ೧೬ ಜಿಬಿ ಅಟ್ಟದಲ್ಲಿ ಯಂತ್ರದ ಸ್ವಂತ ಸಾಮಾನೇ ಬಹುಪಾಲು ತುಂಬಿಕೊಂಡಿರುತ್ತದೆ.

ಅಗ್ಗದ ಯಂತ್ರದ ಲೆಕ್ಕದಲ್ಲಿ ತೊಳಲಿದವಳು ನಾನೊಬ್ಬಳೇ ಅಲ್ಲ. ಮಲ್ಲೇಶ್ವರದಾಚೆಯ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು, ನಗರದ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೊಡನೆ ಕೂಡಿ, ಓದುಬರಹ ಬಾರದವರೂ ಬಳಸಬಹುದಾದ "ಸಿಂಪ್ಯೂಟರ್" ಎಂಬ ಕೈಯಂತ್ರವನ್ನು ರೂಪಿಸಿದರು. ೨೦೦೪ರಲ್ಲಿ ಅದರ ಒಂದು ಮಾದರಿ "ಅಮಿಡ" ಎಂಬ ಹೆಸರಿನಿಂದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಮೂಲಕ ಪೇಟೆಗೆ ಬಂದಿತು. ಆರಂಭದ ಬೆಲೆ ೯,೯೫೦ ರೂಪಾಯಿ. ಒಂದೇ ಯಂತ್ರವನ್ನು ಹಲವರು ಬಳಸಲೆಂದು ಅದಕ್ಕೆ ಸ್ಮಾರ್ಟ್ ಕಾರ್ಡು ತೂರಿಸುವ ಏರ್ಪಾಡಿದ್ದಿತು: ಕಾರ್ಡು ಒಬ್ಬೊಬ್ಬರದು, ಯಂತ್ರ ಎಲ್ಲರದು. ಬಡವರ ಮನೆಯನ್ನು ಬಲ್ಲವರ ಯೋಚನೆ ಅದು ಎನ್ನಬೇಕು. ಆದರೆ ಯಂತ್ರ ಪೇಟೆಯಲ್ಲಿ ನಿಲ್ಲಲಿಲ್ಲ. ಬಳಿಕ ೨೦೧೧ರ ಅಕ್ಟೋಬರ್ ೫ರಂದು ಕೇಂದ್ರ ಸರಕಾರವು ದೆಹಲಿಯಲ್ಲಿ "ಆಕಾಶ್" ಟ್ಯಾಬ್ಲೆಟ್ಟನ್ನು ಹೊರತಂದಿತು. ಏಳು ಇಂಚಿನ ಪರದೆ, ೨೫೬ ಎಂಬಿ ರ್‍ಯಾಮ್. ಅದರ ಪರದೆ ಹಳೆಯ ಬಗೆಯದು. ಎರಡು ತೆಳು ಪದರಗಳು ಒತ್ತಡದಿಂದ ಕೂಡಿದರೆ ಮಾತ್ರ ಕೆಲಸ ಮಾಡತಕ್ಕದ್ದು. ಮೆಲ್ಲಗೆ ಸೋಕುವ ಮಗುವಿನ ಬೆರಳಿಗೆ ಅದು ಹೇಗೆ ಓಗೊಟ್ಟೀತು? ಮರುವರ್ಷದ "ಆಕಾಶ್-೨"ರಲ್ಲಿ ಬೆರಳಿನ ಸ್ಪರ್ಶವನ್ನೇ ಅರಿಯುವ ಪರದೆಯನ್ನೂ ಇಮ್ಮಡಿ ರ್‍ಯಾಮನ್ನೂ ಕೊಟ್ಟರು. ಬೆಲೆ ಇಳಿಸುವಾಗ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಕೂಡದು ಎಂಬುದೇ ಇಲ್ಲಿಯ ಪ್ರಶ್ನೆ.

ನನ್ನ ಮಟ್ಟಿಗೆ ಬಿಡಬಹುದಾದವು ಇವು: ಒಳ್ಳೆಯ ಕ್ಯಾಮೆರಾ, ಹತ್ತು ಇಂಚಿನ ಪರದೆ, ಸಿಮ್ ಕಾರ್ಡಿನ ಸೌಕರ್ಯ. ಎಂಟೊಂಬತ್ತು ಇಂಚು ಮಗುವಿಗೆ ಧಾರಾಳ. ದೊಡ್ಡದು ಕೈ ಜಾರುತ್ತದೆ. ಸಿಮ್ ಇಲ್ಲದಿರುವುದನ್ನು ನಾನು ಗುಣವೆಂದೇ ಎಣಿಸುತ್ತೇನೆ. ನಮ್ಮ ಮನೆಯಲ್ಲಿ ವೈಫೈ ಇಲ್ಲ. ರಾತ್ರಿ ಅಣ್ಣನ ಫೋನಿನಿಂದ ಸಂಪರ್ಕ ಕೊಟ್ಟು ಬೇಕಾದುದನ್ನು ಇಳಿಸಿಕೊಂಡರೆ, ಹಗಲು ಅದು ಹೊರಗಿನ ಲೋಕದ ಹಂಗಿಲ್ಲದ ಸ್ಲೇಟು. ಬಿಡಕೂಡದವುಗಳಲ್ಲಿ ರ್‍ಯಾಮಿನ ಮಾತು ಆಯಿತು. ಇನ್ನೊಂದು, ಬಿಐಎಸ್ ನೋಂದಣಿ. ನಮ್ಮ ದೇಶದಲ್ಲಿ ಮಾರುವ ಟ್ಯಾಬ್ಲೆಟ್ಟಿಗೆ ಇದು ಕಡ್ಡಾಯ. ಯಂತ್ರದ ಮೇಲೋ ಪೆಟ್ಟಿಗೆಯ ಮೇಲೋ "ಆರ್" ಅಕ್ಷರದಿಂದ ಮೊದಲಾಗುವ ಎಂಟು ಅಂಕಿಗಳಿರುತ್ತವೆ. ಅವನ್ನು "ಬಿಐಎಸ್ ಕೇರ್" ಆ್ಯಪಿನಲ್ಲಿ ಹಾಕಿದರೆ ತಯಾರಕರ ಹೆಸರು ಬರಬೇಕು. ಚಾರ್ಜರನ್ನೂ ಹೀಗೆಯೇ ನೋಡಬೇಕು. ನನ್ನ ನಾಲ್ಕೂವರೆ ಸಾವಿರದ ಯಂತ್ರವನ್ನು ಹಿಂದುಮುಂದು ತಿರುಗಿಸಿ ಹುಡುಕಿದೆ. ಅಂಥ ಸಂಖ್ಯೆಯೇ ಇರಲಿಲ್ಲ.

ಎರಡನೆಯ ಸಲ ಎಸ್.ಪಿ. ರಸ್ತೆಯಲ್ಲಿ ಎರಡು ದಿನ ಬರಿಯ ಬೆಲೆ ಕೇಳಿಕೊಂಡು ತಿರುಗಿದೆ. ಕೊನೆಗೆ ಕೊಂಡದ್ದು ಪರಿಚಯದವರ ಮನೆಯ ಹುಡುಗ ಬಳಸಿ ಬಿಟ್ಟ ಸ್ಯಾಮ್ಸಂಗ್ ಗ್ಯಾಲಕ್ಸಿ ಟ್ಯಾಬ್ ಎ೯. ೨೦೨೩ರಲ್ಲಿ ಬಂದ ಮಾದರಿ, ೮.೭ ಇಂಚು, ೪ ಜಿಬಿ, ೬೪ ಜಿಬಿ, ತೂಕ ೩೩೨ ಗ್ರಾಂ. ಬಿಲ್ಲು ಸಹಿತ ಏಳು ಸಾವಿರಕ್ಕೆ ಕೊಟ್ಟರು. ಹಳೆಯದನ್ನು ಕೊಳ್ಳುವವರು ಒಂದನ್ನು ಮರೆಯಬಾರದು: ಮೊದಲಿನವರ ಗೂಗಲ್ ಖಾತೆಯನ್ನು ಅವರ ಕೈಯಿಂದಲೇ, ನಿಮ್ಮೆದುರಿಗೇ ತೆಗೆಸಬೇಕು. ಇಲ್ಲವಾದರೆ ಯಂತ್ರವನ್ನು ಅಳಿಸಿ ಹೊಸದು ಮಾಡಿದಾಗ ಅದು ಹಳೆಯ ಗುಪ್ತಪದವನ್ನೇ ಕೇಳುತ್ತ ಕುಳಿತುಬಿಡುತ್ತದೆ. ಕೊಳ್ಳುವ ಮುನ್ನ ಅರ್ಧ ಗಂಟೆ ಚಿತ್ರ ಓಡಿಸಿ ಬ್ಯಾಟರಿ ಎಷ್ಟು ಇಳಿಯಿತೆಂದು ನೋಡಿದೆ. ಪರದೆಯ ನಾಲ್ಕು ಮೂಲೆಗಳಲ್ಲೂ ಬೆರಳಾಡಿಸಿದೆ. ರಬ್ಬರಿನ ದಪ್ಪ ಕವಚಕ್ಕೆ ಬೇರೆ ಐನೂರು ಆಯಿತು. ಅದು ದಂಡವಲ್ಲ, ಈಗಾಗಲೇ ಎರಡು ಸಲ ಮಂಚದಿಂದ ಬಿದ್ದಿದೆ.

ಇನ್ನು ಪ್ರಮಾಣದ ಮಾತು. ಎರಡರಿಂದ ನಾಲ್ಕು ವರ್ಷದ ಮಕ್ಕಳು ಪರದೆಯ ಮುಂದೆ ಕೂರುವುದು ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಹೇಳಿತು. ೨೦೨೦ರ ಜೂನ್ ತಿಂಗಳಿನಲ್ಲಿ ನಮ್ಮ ರಾಜ್ಯ ಸರಕಾರವು ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠವೇ ಕೂಡದೆಂದಿತು. ಜುಲೈ ೮ರಂದು ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ದೊಡ್ಡವರಲ್ಲೇ ಇಷ್ಟು ವಾದವಿರುವಾಗ ನಮ್ಮ ಮನೆಯಲ್ಲಿ ಜಗಳ ನಡೆದದ್ದು ಸೋಜಿಗವಲ್ಲ. ಮಗು ಅಳದೆ ಊಟ ಮಾಡಲಿ ಎಂದು ಅತ್ತಿಗೆಯ ಆಸೆ; ಊಟದ ಹೊತ್ತಿಗೆ ಬೇಡವೆಂದು ನನ್ನ ಹಟ. ಬೆಳಗಿನಿಂದ ದುಡಿದು ಬಂದವಳಿಗೆ ಉಪದೇಶ ಹೇಳುವುದು ಸುಲಭ. ಮಗುವಿಗೆ ಉಣಿಸುವ ಕೆಲಸ ಹೊತ್ತ ಮೇಲೆ ನನ್ನ ದನಿ ತುಸು ತಗ್ಗಿತು. ಕೊನೆಗೆ ಸಂಜೆ ಅರ್ಧ ಗಂಟೆ, ಯಾರಾದರೊಬ್ಬರು ಪಕ್ಕದಲ್ಲಿ ಕುಳಿತಿರಬೇಕು ಎಂದು ಒಪ್ಪಂದವಾಯಿತು. ಗೂಗಲ್ಲಿನ "ಫ್ಯಾಮಿಲಿ ಲಿಂಕ್" ಹಾಕಿ ಹೊತ್ತಿನ ಮಿತಿಯನ್ನು ಅತ್ತಿಗೆಯ ಫೋನಿಗೆ ಸೇರಿಸಿದ್ದೇನೆ.

ಒಳಗೆ ಏನಿದೆ ಎಂದರೆ, ಹೆಚ್ಚೇನಿಲ್ಲ. ಚಿತ್ರ ಬರೆಯುವುದೊಂದು. ನಮ್ಮ ಊರಿನದೇ ಆದ ಪ್ರಥಮ್ ಬುಕ್ಸ್ ಸಂಸ್ಥೆಯು ೨೦೧೫ರಲ್ಲಿ ಆರಂಭಿಸಿದ "ಸ್ಟೋರಿವೀವರ್"ನಿಂದ ಇಳಿಸಿಕೊಂಡ ಕನ್ನಡದ ಚಿತ್ರಕಥೆಗಳು; ಕಾಸು ಕೊಡಬೇಕಾದುದಿಲ್ಲ. ಬರುವ ವರ್ಷ ಒಂದನೆಯ ತರಗತಿಗೆ ಸೇರಿದ ಮೇಲೆ ಪಠ್ಯಪುಸ್ತಕದ ಪಾಠಗಳಿಗಾಗಿ "ದೀಕ್ಷಾ" ಹಾಕಬೇಕೆಂದಿದ್ದೇನೆ.

ಈಗ ಸಂಜೆಯ ಅರ್ಧ ಗಂಟೆ ಪಾಪು ಅಜ್ಜಿಯ ಮಡಿಲಲ್ಲಿ ಕುಳಿತು ಆನೆಯ ಕಥೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ಒತ್ತಕ್ಷರ ಬಂದಲ್ಲಿ ತನಗೆ ತೋರಿದ್ದನ್ನು ಹೇಳಿ ಮುಂದೆ ಹೋಗುತ್ತಾಳೆ. ಅಜ್ಜಿಗೆ ಅಕ್ಷರ ಬಾರದು, "ಹೂಂ, ಆಮೇಲೆ?" ಎನ್ನುತ್ತಾರೆ. ಒಳಗೆ ಪರೀಕ್ಷೆಗೆ ಓದುತ್ತಿರುವ ನಾನು ಅಲ್ಲಿಂದಲೇ ಕೂಗಿ ತಿದ್ದುತ್ತೇನೆ. "ಅತ್ತೆ, ನೀನು ಸುಮ್ನಿರು, ಅಜ್ಜಿಗೆ ಗೊತ್ತಾಯ್ತು" ಎಂದು ಉತ್ತರ ಬರುತ್ತದೆ.